ಹದಿನಾರು ತುಳಿತ

ಚನವೀರಪ್ಪ ಸಾವಕಾರ ಬಗ್ಗಿ ಪಾದ ಮುಟ್ಟಿದಾಗ ಬನವ್ವನಿಗೆ ಮೈಮೇಲೆ ಹಲ್ಲಿ ಬಿದ್ದಷ್ಟು ಹೇಸಿಗೆಯಾಯಿತು. ಕಾಲು ಹಿಂದಕ್ಕೆ ಎಳೆದುಕೊಂಡಳು. ಅಷ್ಟರಲ್ಲಿ ಅವನ ಬೆರಳುಗಳು ತಾಗಿಬಿಟ್ಟಿದ್ದವು. ಮೆತ್ತಗಿದ್ದವು, ಬೆವರಿದ್ದವು.

"ಏನ್ ಮಾಡಾಕತ್ತೀರಿ ಸಾವಕಾರ್ರ? ಏಳ್ರಿ ಮ್ಯಾಲ."

"ಇರ್ಲಿ ತಂಗಿ. ಈ ಕಾಲಿಂದ ನಾ ಉಳದೀನಿ. ಸೋಮವಾರ ಕೋರ್ಟು. ಅದಕ್ಕ ಮೊದಲ ಒಂದ್ ಸಲ ಮುಟ್ಟಿ ಹೋಗೂಣಂತ ಬಂದೆ."

ಅವನು ಎದ್ದು, ಮೊಣಕಾಲು ಝಾಡಿಸಿಕೊಂಡು ಚಾಪೆಯ ಮೇಲೆ ಕುಳಿತ. ತಂದಿದ್ದ ಕರದಂಟಿನ ಡಬ್ಬಿಯನ್ನು ತಾನೇ ಬಿಚ್ಚಿ ಮುಂದೆ ಸರಿಸಿದ. ಬನವ್ವನ ಗಂಡ ಗೂಳಪ್ಪ ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡು ಅಂಟನ್ನು ಕಚ್ಚುತ್ತ ಚಪ್ಪರಿಸಿದ. ಹೆಂಡತಿಯ ತಂಗಿಯನ್ನು ಕೊಂದವನ ಕೈಯಿಂದ ತಿನ್ನುತ್ತಿದ್ದೇನೆ ಎಂಬುದು ಅವನ ದವಡೆಗೆ ಗೊತ್ತಿದ್ದಂತೆ ಕಾಣಲಿಲ್ಲ.

ಹಿಂದಿನ ವರ್ಷ ಸಾವಕಾರನ ಬಣ್ಣದ ಕಾರ್ಖಾನೆಯಲ್ಲಿ ಮೂವರು ಹೆಂಗಸರು ಸತ್ತಿದ್ದರು. ನೂಲಿಗೆ ಬಣ್ಣ ಹಾಕುವ ಕೋಣೆಯಲ್ಲಿ ಆಮ್ಲದ ಪೀಪಾಯಿ ಉರುಳಿ ಹಳದಿ ಹೊಗೆ ಎದ್ದಿತ್ತು. ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಒಳಗಿನವರು ಚಹಾಕ್ಕೆ, ನೀರಿಗೆ ಎಂದು ಪದೇಪದೇ ಹೊರಗೆ ಬಂದರೆ ಕೆಲಸ ಕೆಡುತ್ತದೆಂದು ಸಾವಕಾರ ದಿನಾ ತನ್ನ ಕೈಯಾರೆ ಹಾಕುತ್ತಿದ್ದ ಚಿಲಕ. ಸತ್ತವರಲ್ಲಿ ಕಸ್ತೂರಿಯೂ ಒಬ್ಬಳು, ಬನವ್ವನ ತಂಗಿ. ಬಾಗಿಲು ತೆರೆದಾಗ ಅವಳ ಉಗುರುಗಳಲ್ಲಿ ಕಟ್ಟಿಗೆಯ ಸಿಬಿರು ಸಿಕ್ಕಿಕೊಂಡಿದ್ದವು.

"ಚಿಲಕ ನಾನ ಹಾಕಿದ್ದು. ಇಲ್ಲ ಅನ್ನೂದಿಲ್ಲ," ಎಂದ ಸಾವಕಾರ, ಊಟವಾಯಿತು ಎಂದು ಹೇಳುವವನ ಹಾಗೆ. "ಹಾಕೂದ ಇತ್ತು, ಹಾಕಿದೆ. ಬ್ಯಾರೆ ಏನ್ ಮಾಡಾಕ ಬರತಿತ್ತು ನನಗ? ಕೇಂದ್ರದವ್ರು ಬರದು ಕೊಟ್ಟಾರ ನೋಡ."

ಪ್ಲಾಸ್ಟಿಕ್ ಹೊದಿಸಿದ ಪ್ರಮಾಣಪತ್ರವನ್ನು ಜೇಬಿನಿಂದ ತೆಗೆದು ಅವಳ ಮುಖಕ್ಕೆ ಹಿಡಿದ. ದ್ವಿಗಿರಿ ಕೇಂದ್ರದ ಪ್ರಯೋಗದಲ್ಲಿ ಸಾಬೀತಾಗಿರುವಂತೆ ಮನುಷ್ಯನ ಯಾವ ಆಯ್ಕೆಯೂ ಅವನ ಸ್ವಂತದ್ದಲ್ಲ, ಅದು ಜಗತ್ತಿನ ಆರಂಭದಲ್ಲಿಯೇ ನಿಶ್ಚಯವಾದದ್ದು ಎಂದು ಅದರಲ್ಲಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಪ್ರಯೋಗದಲ್ಲಿ ಆರಿಸಿದವರು: ಬನವ್ವ ಹೊಸಮನಿ, ಕಸ್ತೂರಿ ಹೊಸಮನಿ. ಅಕ್ಕತಂಗಿಯರು ಒಂದೇ ಮನೆಯ ಅಣ್ಣತಮ್ಮಂದಿರಿಗೆ ಮದುವೆಯಾದವರು.

"ನಿನ್ನ ತಂಗಿ ಹೆಸರೂ ಐತಿ," ಎಂದ ಸಾವಕಾರ. ಹೆಮ್ಮೆಪಡಬೇಕಾದ ಸಂಗತಿ ಎಂಬಂತೆ ಅವನ ಕಣ್ಣು ತೇವವಾಗಿತ್ತು.

ಅವನು ಹೋದ ಮೇಲೆ ಬನವ್ವ ಹಿತ್ತಿಲಿಗೆ ಹೋಗಿ ಬೂದಿ ಹಚ್ಚಿ ಪಾದ ತಿಕ್ಕಿದಳು. ಚರ್ಮ ಉರಿಯುವ ತನಕ ತಿಕ್ಕಿದಳು.

ಈ ಕಾಲುಗಳು ಹೀಗೆ ದೇವರಾದ ಕಥೆ ಶುರುವಾದದ್ದು ನಾಲ್ಕು ವರ್ಷದ ಹಿಂದೆ.

ಅವರೂರು ಮಗ್ಗದಹಾಳದಲ್ಲಿ ಕುಪ್ಪಸದ ಖಣ ನೇಯದ ಮನೆ ಇರಲಿಲ್ಲ. ಊರ ಆಚೆಯ ಬಯಲಿನಲ್ಲಿ ದ್ವಿಗಿರಿ ಕೇಂದ್ರ ಎದ್ದಾಗ ಅಲ್ಲಿ ಏನು ನಡೆಯುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಕೆಲಸಕ್ಕೆ ಹೆಂಗಸರು ಬೇಕು, ಬಹಳ ಹೊತ್ತು ಒಂದೇ ಕಡೆ ಕೂರುವ ಅಭ್ಯಾಸ ಇರಬೇಕು ಎಂದು ಡಂಗುರ ಬಂತು. ಹಾಗೆ ಕೂರುವುದು ನೇಕಾರರಿಗಲ್ಲದೆ ಇನ್ನಾರಿಗೆ ಬರುತ್ತದೆ? ಅಕ್ಕತಂಗಿಯರಿಬ್ಬರೂ ಹೋದರು.

ಕೇಂದ್ರದ ನಿರ್ದೇಶಕ ಡಾ. ಗಲಗಲಿ ಮೊದಲ ದಿನ ಎಲ್ಲವನ್ನೂ ಬಿಡಿಸಿ ಹೇಳಿದ್ದ. ಬಯಲಿನ ನಡುವಿನ ಯಂತ್ರದಿಂದ ಬೆಳಕಿನ ಕಣಗಳು ಎರಡೆರಡಾಗಿ ಹೊರಡುತ್ತವೆ. ಒಂದು ಹಿರೇಗುಡ್ಡದ ಗುಡಿಸಲಿಗೆ ಹೋಗುತ್ತದೆ, ಇನ್ನೊಂದು ಹದಿನಾರು ಮೈಲಿ ಆಚೆ ಚಿಕ್ಕಗುಡ್ಡದ ಗುಡಿಸಲಿಗೆ. ಅಲ್ಲಿ ಬಂದ ಕಣಕ್ಕೆ ಎರಡು ಪ್ರಶ್ನೆಗಳಲ್ಲಿ ಒಂದನ್ನು ಕೇಳಬಹುದು, ಎಡದ್ದು ಅಥವಾ ಬಲದ್ದು. ಕಣ ಹೌದು ಎನ್ನುತ್ತದೆ, ಇಲ್ಲವೇ ಅಲ್ಲ ಎನ್ನುತ್ತದೆ. ಸೋಜಿಗವೆಂದರೆ ಎರಡೂ ಗುಡಿಸಲಿನ ಉತ್ತರಗಳು ಒಂದಕ್ಕೊಂದು ತಾಳೆಯಾಗುತ್ತವೆ. ಹೊರಡುವಾಗಲೇ ಮಾತಾಡಿಕೊಂಡು ಬಂದಿದ್ದರೂ ಅಷ್ಟು ತಾಳೆಯಾಗುವುದಕ್ಕೆ ಸಾಧ್ಯವಿಲ್ಲ.

"ಯಾಕಂತ ಕೇಳಿದ್ರ ಇಲ್ಲಿ ನಾಲ್ಕು ಮಂದಿ ನಾಲ್ಕು ಹೇಳ್ತಾರ," ಎಂದಿದ್ದ ಗಲಗಲಿ. ಅದು ನಿಜವಾಗಿತ್ತು. ಕೇಂದ್ರದ ಕ್ಯಾಂಟೀನಿನಲ್ಲಿ ನಾಲ್ಕು ಮೇಜಿಗೆ ನಾಲ್ಕು ಪಂಗಡ. ಒಂದು ಮೇಜಿನವರು, ಇಲ್ಲಿ ಒಂದು ಕಣವನ್ನು ಕೇಳಿದ ಕ್ಷಣವೇ ಎಷ್ಟೇ ದೂರವಿದ್ದರೂ ಇನ್ನೊಂದಕ್ಕೆ ಅದು ಮುಟ್ಟುತ್ತದೆ, ದೂರ ಎಂಬುದೇ ಅವಕ್ಕಿಲ್ಲ ಎನ್ನುವರು. ಎರಡನೆಯವರು, ಕೇಳುವ ತನಕ ಕಣದಲ್ಲಿ ಉತ್ತರವೇ ಇರುವುದಿಲ್ಲ, ಮೊದಲು ಏನಿತ್ತು ಎಂದು ಕೇಳುವುದೇ ತಪ್ಪು ಎಂದು ಗದರುವರು. ಮೂರನೆಯವರ ಪ್ರಕಾರ ಹೌದೂ ಆಗುತ್ತದೆ, ಅಲ್ಲವೂ ಆಗುತ್ತದೆ. ಎರಡಕ್ಕೂ ಬೇರೆ ಬೇರೆ ಜಗತ್ತು ಒಡೆದುಕೊಳ್ಳುತ್ತದೆ, ನಾವು ಒಂದರಲ್ಲಿ ಸಿಕ್ಕಿಬಿದ್ದಿರುತ್ತೇವೆ. ಒಬ್ಬರ ತಟ್ಟೆಯ ಉಪ್ಪಿನಕಾಯಿಯನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ.

ನಾಲ್ಕನೆಯ ಮೇಜಿನಲ್ಲಿ ಗಲಗಲಿ ಬಹುಪಾಲು ಒಬ್ಬನೇ ಕೂರುತ್ತಿದ್ದ. ಅವನ ವಾದ ಸರಳವಾಗಿತ್ತು. ದೂರದ ಮಾಯೆ ಬೇಡ, ಒಡೆಯುವ ಜಗತ್ತು ಬೇಡ. ಕಣ ಹೊರಡುವಾಗಲೇ, ಮುಂದೆ ತನಗೆ ಯಾವ ಪ್ರಶ್ನೆ ಬರುತ್ತದೆ ಎಂದು ಅದಕ್ಕೆ ಗೊತ್ತಿರುತ್ತದೆ. ಏಕೆಂದರೆ ಪ್ರಶ್ನೆ ಕೇಳುವವನೂ ಮೊದಲೇ ಕಟ್ಟಿಟ್ಟವನು. ಇದನ್ನು ತೋರಿಸಲು ಯಂತ್ರ ಪ್ರಶ್ನೆ ಆರಿಸಿದರೆ ಸಾಲದು, ಜೀವಂತ ಮನುಷ್ಯರೇ ಮನಸ್ಸಿಗೆ ಬಂದಂತೆ ಆರಿಸಬೇಕು. ಆರಿಸುವ ಮುಂಚೆಯೇ ಯಂತ್ರದ ಬೆಳಕನ್ನು ನೋಡಿ ಎಡವೋ ಬಲವೋ ಎಂದು ಹೇಳಲು ಬಂದರೆ ಅವನು ಗೆದ್ದಂತೆ.

ಅದಕ್ಕೇ ಇವರಿಬ್ಬರು. ಹಿರೇಗುಡ್ಡದಲ್ಲಿ ಬನವ್ವ, ಚಿಕ್ಕಗುಡ್ಡದಲ್ಲಿ ಕಸ್ತೂರಿ. ಎದುರಿಗೆ ಎರಡು ಗುಂಡಿ, ಎಡದ್ದು, ಬಲದ್ದು. ಮನಸ್ಸಿಗೆ ಬಂದದ್ದನ್ನು ಒತ್ತಬೇಕು. ದಿನವೆಲ್ಲ.

ನಾಲ್ಕೇ ದಿನಕ್ಕೆ ಬೆರಳು ಜೋಮು ಹಿಡಿದವು. "ಸರ, ನಮಗ ಕಾಲಿಂದ ಒತ್ತಾಕ ಕೊಡ್ರಿ, ಕಾಲಾದ್ರ ಸಂಜಿತನಕ ದಣಿಯೂದಿಲ್ಲ," ಎಂದು ಕೇಳಿದವಳು ಬನವ್ವನೇ. ಗಲಗಲಿಗೆ ಖುಷಿಯಾಯಿತು. ನೆಲದಲ್ಲಿ ಕುಣಿ ತೋಡಿಸಿ, ಒಳಗೆ ಎರಡು ಪಟ್ಟಿ ಕೂರಿಸಿಕೊಟ್ಟರು. ಕುಣಿಮಗ್ಗದಲ್ಲಿ ಕುಳಿತ ಹಾಗೆಯೇ ಕಾಲು ಇಳಿಬಿಟ್ಟು ಕುಳಿತರು. ಒತ್ತುವ ವೇಗ ಎರಡು ಪಟ್ಟಾಯಿತು.

ಹನ್ನೊಂದು ತಿಂಗಳು ತುಳಿದರು. ಆಮೇಲೆ ಗಲಗಲಿ ಜಗತ್ತಿಗೆ ಸಾರಿದ. ನೂರರಲ್ಲಿ ಎಪ್ಪತ್ತಮೂರು ಸಲ ಬೆಳಕಿಗೆ ಮೊದಲೇ ಗೊತ್ತಿತ್ತು.

ಕ್ಯಾಂಟೀನಿನ ಮೂರು ಮೇಜುಗಳು ಖಾಲಿಯಾದವು. ಪತ್ರಿಕೆಗಳಲ್ಲಿ ಬನವ್ವನ ಪಾದಗಳ ಚಿತ್ರ ಬಂತು. ಮೊದಮೊದಲು ಜನ ನಕ್ಕರು. ಆಮೇಲೆ ಕಾನೂನಿನವರು ಹಿಡಿದುಕೊಂಡರು. ಆಯ್ಕೆಯೇ ಇಲ್ಲದವನಿಗೆ ಶಿಕ್ಷೆ ಹೇಗೆ ಎಂದು ದೊಡ್ಡ ದೊಡ್ಡವರು ಚರ್ಚೆ ಮಾಡಿದರು. ಕೇಂದ್ರದ ಪ್ರಮಾಣಪತ್ರ ತಂದರೆ ಅದನ್ನು ನ್ಯಾಯಾಲಯ ಪರಿಗಣಿಸಬೇಕು ಎಂದು ನಿಯಮ ಬಂತು. ಜನರ ಬಾಯಲ್ಲಿ ಅದು ಒಂದೇ ಮಾತಾಯಿತು: ತುಳಿತ ಹಂಗಿತ್ತು.

ಹೊಟ್ಟೆಯೊಳಗೆ ಹತ್ತಿ ಮರೆತು ಹೊಲಿದ ಡಾಕ್ಟರು, ತುಳಿತ ಹಂಗಿತ್ತು ಎಂದ. ಹುಡುಗಿಯ ಕಿವಿ ಕಿವುಡಾಗುವಂತೆ ಹೊಡೆದ ಮಾಸ್ತರನೂ ಅದನ್ನೇ ಅಂದ. ಗೂಳಪ್ಪ ಒಂದು ಮಧ್ಯಾಹ್ನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬನವ್ವನ ಕೆನ್ನೆಗೆ ಬಾರಿಸಿ, ಅವಳು ಕಣ್ಣೊರೆಸಿಕೊಳ್ಳುತ್ತಿರುವಾಗಲೇ "ನಿನ್ನ ಕಾಲ ಹೇಳ್ಯಾವಲ್ಲ, ನಾ ಏನ್ ಮಾಡ್ಲಿ" ಎಂದು ಉಳಿದ ರೊಟ್ಟಿ ಮುರಿದ. ತಪ್ಪಾಯಿತು ಎನ್ನುವ ಮಾತು ಊರಿನಿಂದ ಎದ್ದುಹೋಯಿತು. ಜಗಳ ಬಿಡಿಸಲು ಕೂರುತ್ತಿದ್ದ ಹಿರಿಯರು, ತಪ್ಪಿತಸ್ಥನ ಕೈಯಿಂದ ಎಲೆಅಡಿಕೆ ಕೊಡಿಸುವುದನ್ನು ಬಿಟ್ಟು ಮನೆಯಲ್ಲಿ ಟಿವಿ ನೋಡತೊಡಗಿದರು. ಹಣೆಬರಹ ಎಂಬ ಮಾತು ಮೊದಲೂ ಇತ್ತು. ಆದರೆ ಅದನ್ನು ಪೆಟ್ಟು ತಿಂದವರು ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದರು. ಈಗ ಹೊಡೆದವರು ಹೇಳತೊಡಗಿದ್ದರು, ಬಾಯಿ ಒರೆಸಿಕೊಳ್ಳುತ್ತ.

ಬನವ್ವನಿಗೆ ಎಲ್ಲಕ್ಕಿಂತ ಹೇಸಿಗೆಯಾದದ್ದು ತನ್ನ ಬಗ್ಗೆ. ಆ ಮಾತು ಅವಳಿಗೂ ಬೇಕಾಗಿತ್ತು. ಪ್ರಯೋಗ ಮುಗಿದು ಕೆಲಸ ಹೋದ ಮೇಲೆ ಬನವ್ವ ಮಗ್ಗಕ್ಕೆ ಮರಳಿದ್ದಳು, ಕಸ್ತೂರಿ ಬಣ್ಣದ ಕಾರ್ಖಾನೆಗೆ ಸೇರಿದ್ದಳು. ಸಾಯುವ ದಿನ ಬೆಳಿಗ್ಗೆ ಕಸ್ತೂರಿ ಬಾಗಿಲಲ್ಲಿ ನಿಂತು, "ಯಕ್ಕಾ, ಆತ ಹೊರಗಿಂದ ಚಿಲಕ ಹಾಕತಾನ. ನನಗ ಅಂಜಿಕಿ ಬರತೈತಿ. ಇವತ್ತ ಹೋಗೂದಿಲ್ಲ ನಾ," ಎಂದಿದ್ದಳು. "ಚಿಲಕ ಹಾಕಿದ್ರ ಏನ್ ಹುಲಿ ಬಿಡತಾನೇನ ಒಳಗ? ಸುಮ್ನ ಹೋಗ," ಎಂದು ಬನವ್ವ ಬುತ್ತಿ ಕೈಗೆ ತುರುಕಿ ಕಳಿಸಿದ್ದಳು. ತಂಗಿಯ ಉಗುರು ನೋಡಿದ ಮೇಲೆ ಅವಳಿಗೆ ನಿದ್ದೆ ಬಂದದ್ದು, ತುತ್ತು ಇಳಿದದ್ದು, ಎಲ್ಲವೂ ಆ ಒಂದು ಮಾತಿನಿಂದ. ಕಳಿಸುವುದೇ ಇತ್ತು. ತುಳಿತ ಹಾಗಿತ್ತು. ಸಾವಕಾರನೂ ತಾನೂ ಒಂದೇ ಗಂಗಾಳದಲ್ಲಿ ಉಣ್ಣುತ್ತಿದ್ದರು.

ಪಾದ ತಿಕ್ಕಿ ಬಂದವಳು ಮಗ್ಗಕ್ಕೆ ಇಳಿದಳು. ಅರ್ಧ ನೇಯ್ದ ಸೂಜಿಮಲ್ಲಿಗೆಯ ಖಣ ಇತ್ತು. ಅವರ ಮನೆತನದ ಹೂವು. ಅವ್ವ ಕಲಿಸಿದ್ದು. ಎಡ, ಬಲ, ಎಡ ಎಂದು ಹೋಗುತ್ತಿರುವಾಗ ಹೂವು ಏಳುವ ಕಡೆ ಒಂದೇ ಕಾಲನ್ನು ಎರಡು ಸಲ ಒತ್ತಬೇಕು. ಹದಿನಾರು ತುಳಿತಕ್ಕೆ ಅರ್ಧ ಹೂವು. ಮುಂದಿನ ಹದಿನಾರು ತಿರುವುಮುರುವು, ಎಡವಿದ್ದಲ್ಲಿ ಬಲ, ಬಲವಿದ್ದಲ್ಲಿ ಎಡ. ಆಗ ಇನ್ನರ್ಧ ಹೂವು.

ಸಾವಕಾರನ ಬೆವರಿದ ಬೆರಳು ಮನಸ್ಸಿನಿಂದ ಹೋಗಲಿ ಎಂದು ಕಣ್ಣು ಮುಚ್ಚಿ ನೇಯುತ್ತಿದ್ದಳು. ಗಂಡ ಒಳಗೆ ಇನ್ನೂ ಚಪ್ಪರಿಸುತ್ತಿದ್ದ. ಅವಳು ಕಾಲಡಿಯ ಸದ್ದಿಗೆ ಮಾತ್ರ ಕಿವಿಗೊಟ್ಟಳು. ಟಕ್, ಟಕ್, ಟಕ್‌ಟಕ್, ಟಕ್. ಈ ಸದ್ದನ್ನು ಬೇರೆಲ್ಲೋ ಕೇಳಿದ್ದೆನಲ್ಲ ಅನ್ನಿಸಿತು. ಮಗ್ಗದ ಹಲಗೆಯ ಸದ್ದಲ್ಲ ಅದು, ಕಬ್ಬಿಣದ ಪಟ್ಟಿಯ ಸದ್ದು. ತಗಡಿನ ಗುಡಿಸಲು. ಹಿರೇಗುಡ್ಡದ ಗಾಳಿ.

ಕಾಲು ನಿಂತಿತು. ಮೊದಲಿನಿಂದ ಒಂದೊಂದಾಗಿ ಎಣಿಸಿದಳು. ಹದಿನಾರು.

ಮರುದಿನ ಬೆಳಗಿನ ಬಸ್ಸಿಗೆ ಕೇಂದ್ರಕ್ಕೆ ಹೋದಳು. ನಿಯಂತ್ರಣ ಕೋಣೆಯಲ್ಲಿ ಮೆಹರ್ ನದಾಫ್ ಒಬ್ಬಳೇ ಇದ್ದಳು. ಪ್ರಯೋಗದ ಕಾಲದಲ್ಲಿ ಇವರ ಪಟ್ಟಿಗಳಿಗೆ ಎಣ್ಣೆ ಹಾಕಿ, ತಂತಿ ಜೋಡಿಸುತ್ತಿದ್ದ ಹುಡುಗಿ, ಈಗ ಕೋಣೆಯ ಜವಾಬ್ದಾರಿಯವಳು.

"ಯಾಕ ಬನವ್ವಕ್ಕ, ಮತ್ಯಾರರ ಪಾದಪೂಜಿ ಇಟ್ಟಾರೇನು ನಿಂದು?"

"ಚ್ಯಾಷ್ಟಿ ಮಾಡಬ್ಯಾಡ. ನಾ ತುಳದದ್ದು ಎಲ್ಲಾ ಬರದು ಇಟ್ಟೀರೇನು ನೀವು?"

"ಒಂದೂ ಬಿಟ್ಟಿಲ್ಲ."

"ತಗಿ. ನಾ ಹೇಳ್ತೀನಿ, ನೀ ನೋಡ್ತಾ ಹೋಗು."

ಬನವ್ವ ಕುರ್ಚಿಯಲ್ಲಿ ಕುಳಿತು ನೆಲದ ಮೇಲೆ ಬರಿಗಾಲಿನಿಂದ ತುಳಿದಳು. ಮೆಹರ್ ತೆರೆಯ ಮೇಲೆ ಯಾವುದೋ ಒಂದು ದಿನದ ಸಾಲು ತೆಗೆದು ಬೆರಳಿಟ್ಟುಕೊಂಡು ಹೋದಳು. ಎಡ, ಬಲ, ಎಡ ಎಡ. ಮೊದಲು ಅವಳ ತುಟಿಯ ಮೇಲೆ ನಗೆ ಇತ್ತು. ಮೂರನೆಯ ಹೂವಿಗೆ ಅದು ಹೋಯಿತು. ಇನ್ನೊಂದು ದಿನ ತೆಗೆದಳು. ಇನ್ನೊಂದು ತಿಂಗಳು ತೆಗೆದಳು. ಎಲ್ಲೆಡೆ ಸೂಜಿಮಲ್ಲಿಗೆ.

"ಇದನ್ನ ಯಾರೂ ನೋಡಲಿಲ್ಲೇನು?" ಎಂದಳು ಬನವ್ವ.

"ನೋಡಿದ್ರು. ಎಡ ಬಲ ಸರಿಸಮ ಬಂದಾವು, ಒಂದ ನಮೂನಿ ಮತ್ತ ಮತ್ತ ಬಂದಿಲ್ಲ ಅಂತ ಬರದ್ರು. ಒಂದ್ ಸಲ ಸುಲ್ಟಾ, ಒಂದ್ ಸಲ ಉಲ್ಟಾ ಅಂದ್ರ ಅವ್ರಿಗೇನ ತಿಳಿಬೇಕು? ಅವ್ರೇನು ಖಣ ನೇದಾರ?" ಮೆಹರ್ ಹಣೆ ಹಿಡಿದುಕೊಂಡಳು. "ಅಕ್ಕ, ನಡುವಿನ ಯಂತ್ರದೊಳಗ ಒಂದು ಹೊಂದಾಣಿಕಿ ಪೆಟ್ಟಿಗಿ ಐತಿ. ಬಿಸಲಿಗೆ ಬೆಳಕಿನ ಕಣ ಹೊರಡಸೂ ಹರಳು ಸೊಟ್ಟ ಆಗತೈತಿ, ಅದಕ್ಕ ಆ ಪೆಟ್ಟಿಗಿ ಹಿಂದಿನ ಫಲಿತಾಂಶ ನೋಡಿ ನೋಡಿ ಹರಳನ್ನ ತಾನ ತಿರುವಿ ಸರಿ ಮಾಡಿಕೊಂತೈತಿ. ನಿಮ್ಮ ಕಾಲ ಹೂ ನೇಯಾಕತ್ತಿದ್ದುವು. ಪೆಟ್ಟಿಗಿ ಆ ಹೂ ಕಲತ್ತು. ಮುಂದ ನೀವು ಎಲ್ಲಿ ತುಳೀತೀರಿ ಅನ್ನೂದನ್ನ ಮೊದಲ ಊಹಿಸಿ ಹರಳು ತಿರುವಾಕ ಹತ್ತಿತ್ತು. ಅದನ್ನ ನೋಡಿ ಇವ್ರು ಬೆಳಕಿಗೆ ಮೊದಲ ಗೊತ್ತಿತ್ತು ಅಂದ್ರು."

"ಅಂದ್ರ ಜಗತ್ತ ಹುಟ್ಟಿದಾಗ ನಿಶ್ಚೆ ಆಗಿದ್ದಲ್ಲ ಇದು."

"ನಿಮ್ಮವ್ವ ಕಲಿಸಿದ್ದು."

ಮೆಹರ್ ಎದ್ದು ಮೂಲೆಯ ತೊಟ್ಟಿಗೆ ಹೋಗಿ ಮುಖ ತೊಳೆದಳು. ಬಹಳ ಹೊತ್ತು ತೊಳೆದಳು. 

ಇಬ್ಬರೂ ಗಲಗಲಿಯ ಕೋಣೆಗೆ ಹೋದಾಗ ಅವನು ಊಟ ಮಾಡುತ್ತಿದ್ದ. ಮೊಸರನ್ನವನ್ನು ಕಲಸಿ ಕಲಸಿ ಪಾಯಸ ಮಾಡಿಕೊಂಡಿದ್ದ. ಮೆಹರ್ ಹೇಳಿದ್ದೆಲ್ಲವನ್ನೂ ತಲೆಯಾಡಿಸುತ್ತ ಕೇಳಿದ. ಬೆರಳಿನಿಂದ ಮೊಣಕೈಯತ್ತ ಇಳಿಯುತ್ತಿದ್ದ ಮೊಸರನ್ನು ನೆಕ್ಕಿಕೊಂಡ.

"ನನಗ ಗೊತ್ತದ," ಎಂದ. "ಎಂಟು ತಿಂಗಳಾತು. ಪೆಟ್ಟಿಗಿ ಬಿಚ್ಚಿಸಿದಾಗ ಗೊತ್ತಾತು."

ಮೆಹರ್ ಬೆರಳು ಮಡಚಿ ಎಣಿಸಿದಳು.  "ಎಂಟ್ ತಿಂಗಳ ಹಿಂದ ಗೊತ್ತಾಗೇತಿ. ಸಾವಕಾರಗ ಪತ್ರ ಕೊಟ್ಟಿದ್ದು ಹೋದ ತಿಂಗಳ ಸರ."

"ಕೊಡೋದಿತ್ತು, ಕೊಟ್ಟೆ. ಮುಚ್ಚಿ ಇಡೋದಿತ್ತು, ಮುಚ್ಚಿ ಇಟ್ಟೆ. ನೀವು ಬಂದು ಹಿಂಗ ಮುಖ ಕಿವಚೋದೂ ಇತ್ತು." ಅವನು ನಂಬಿ ಹೇಳುತ್ತಿದ್ದನೋ ನಾಟಕವಾಡುತ್ತಿದ್ದನೋ ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಅವನಿಗೇ ಗೊತ್ತಿರಲಿಲ್ಲವೇನೋ. "ಬನವ್ವ, ಒಂದು ಹೇಳು. ನೀ ಬೇಕಂತ ಹೂ ತುಳದಿ?"

"ಇಲ್ರಿ. ಕಾಲ ತಾವ ತುಳದಾವು. ನನಗ ಗೊತ್ತ ಇದ್ದಿಲ್ಲ."

"ಮನಸ್ಸಿಗೆ ಬಂದದ್ದು ಒತ್ತು ಅಂತ ನಾ ಹೇಳಿದ್ದೆ. ಒತ್ತಿದ್ದು ನಿನ್ನ ಮನಸ್ಸಲ್ಲ, ನಿಮ್ಮವ್ವನ ಅಭ್ಯಾಸ. ಹನ್ನೊಂದು ತಿಂಗಳು ನೀ ಒಂದು ಸಲನೂ ಆರಿಸಲಿಲ್ಲ. ನಾ ಹೇಳಿದ್ದೂ ಅದನ. ಲೆಕ್ಕ ತಪ್ಪಿರಬಹುದು, ಉತ್ತರ ಸರಿ ಅದ."

ಅವನು ಲೋಟದಿಂದ ನೀರು ಕುಡಿದು, ಬಾಯಿ ಮುಕ್ಕಳಿಸಿ, ಅದನ್ನೂ ನುಂಗಿದ. ಬನವ್ವ ತಿರುಗಿ ನಡೆದಳು. ಹೊರಗೆ ಬಂದು ಜಗುಲಿಯ ಮೇಲೆ ಕುಳಿತಳು. ಕೆಳಗೆ ಇಳಿಬಿಟ್ಟ ಕಾಲುಗಳನ್ನು ನೋಡಿದಳು. ಬೇರೆ ಯಾರದೋ ಕಾಲುಗಳನ್ನು ತನಗೆ ಹೊಲಿದಿದ್ದಾರೆ ಅನ್ನಿಸಿತು.

ಹಿಂದೆಯೇ ಬಂದ ಮೆಹರಳನ್ನು ಕೇಳಿದಳು. "ಮೆಹರ, ಕಸ್ತೂರಿದೂ ಬರದು ಇಟ್ಟೀರೇನು?"

"ಐತಿ. ಅದೂ ಇದ ಹೂವ ಇರತೈತಿ."

"ಇರೂದಿಲ್ಲ. ನೀ ಆಕಿನ್ನ ಕಂಡಿಲ್ಲ ಮಗ್ಗದಾಗ. ತಗಿ."

ನಿಯಂತ್ರಣ ಕೋಣೆಯ ತೆರೆಯ ಮೇಲೆ ಕಸ್ತೂರಿಯದೂ ಮೇಲುನೋಟಕ್ಕೆ ಅದೇ ಹೂವಾಗಿತ್ತು. ಆದರೆ ನಡುನಡುವೆ ಸಾಲುಗಳು ಮಾಯವಾಗಿದ್ದವು. ಮೆಹರ್ ಹುಡುಕಿದಳು. ಗಲಗಲಿ ಅವನ್ನು ದೋಷ ಎಂದು ಗುರುತು ಹಾಕಿ ಬೇರೆ ಕಡೆ ಸರಿಸಿದ್ದ. ನಾನೂರ ಹನ್ನೆರಡು ತುಳಿತ. ಹೂವು ಎಡ ಎನ್ನುವಲ್ಲಿ ಬಲ, ಬಲ ಎನ್ನುವಲ್ಲಿ ಎಡ.

ಬನವ್ವ ಮೂಗು ಒರೆಸಿಕೊಂಡಳು. "ಆಕಿಗೆ ಸುಮ್ನ ಕುಂದ್ರಾಕ ಬರತಿದ್ದಿಲ್ಲ. ಅರ್ಧ ಹೂ ನೇಯೂದು, ಬ್ಯಾಸರಾತಂದ್ರ ಬೇಕಂತ ತಪ್ಪ ತುಳಿಯೂದು. ಏನ ಬರತೈತಿ ನೋಡೂಣು ಅನ್ನೂದು. ಅವ್ವ ಲಾಳಿ ತಗೊಂಡು ಬೆನ್ನಿಗೆ ಹೊಡೀತಿದ್ಲು. ಒಂದ್ ಖಣನೂ ನೆಟ್ಟಗ ನೇಯಲಿಲ್ಲ ಆಕಿ."

ಮೆಹರ್ ಆ ನಾನೂರ ಹನ್ನೆರಡನ್ನು ಒಂದೊಂದಾಗಿ ಬೆಳಕಿನ ದಾಖಲೆಯ ಪಕ್ಕದಲ್ಲಿಟ್ಟಳು. ಹರಳು ಪ್ರತಿ ಸಲವೂ ಹೂವಿನ ಮುಂದಿನ ತುಳಿತಕ್ಕೆ ಸಿದ್ಧವಾಗಿ ನಿಂತಿತ್ತು. ಕಸ್ತೂರಿಯ ಕಾಲು ಬೇರೆ ಕಡೆ ಇಳಿದಿತ್ತು. ಅಲ್ಲಿ ಒಂದು ಸಲವೂ ಬೆಳಕಿಗೆ ಮೊದಲೇ ಗೊತ್ತಿರಲಿಲ್ಲ.

"ಇನ್ನೊಂದೈತಿ ಅಕ್ಕ," ಎಂದಳು ಮೆಹರ್ ನಿಧಾನವಾಗಿ. "ಈ ತಪ್ಪು ತುಳಿತದಾಗೂ ಎರಡು ಗುಡ್ಡದ ಉತ್ತರ ತಾಳಿ ಆಗ್ಯಾವು. ಮೊದಲಿನಷ್ಟ. ಪೆಟ್ಟಿಗಿ ಕಲತದ್ದು ಇಲ್ಲಿಲ್ಲ, ಯಾವುದೂ ಮೊದಲ ಗೊತ್ತಿದ್ದಿಲ್ಲ. ಆದ್ರೂ ಅಷ್ಟ್ ದೂರದಾಗ ಕುಂತು ಒಪ್ಪಿಕೊಂಡಾವು."

"ಹೆಂಗ?"

"ಗೊತ್ತಿಲ್ಲ. ಕ್ಯಾಂಟೀನಿನಾಗ ಮತ್ತ ಮೂರು ಮೇಜು ಹಾಕಬೇಕು. ಖರೇನ ಗೊತ್ತಿಲ್ಲ ಅಕ್ಕ."

ಮೂರು ವರ್ಷದಲ್ಲಿ ಒಬ್ಬರ ಬಾಯಿಂದ ಗೊತ್ತಿಲ್ಲ ಎಂಬ ಮಾತು ಬಂದದ್ದು ಬನವ್ವನಿಗೆ ಅದೇ ಮೊದಲು. ತಣ್ಣೀರು ಕುಡಿದಂತಾಯಿತು. ಅಷ್ಟೇ ಬೇಗ ಇನ್ನೊಂದು ವಿಷಯವೂ ತಿಳಿಯಿತು. ಕಸ್ತೂರಿಗೆ ಬೇರೆ ಕಡೆ ಕಾಲಿಡಲು ಬರುತ್ತಿತ್ತು ಎಂದಾದರೆ ಸಾವಕಾರನಿಗೂ ಬರುತ್ತಿತ್ತು. ಆ ದಿನ ಬೆಳಿಗ್ಗೆ ಬಾಗಿಲಲ್ಲಿ ಬುತ್ತಿ ಹಿಡಿದು ನಿಂತಿದ್ದ ಬನವ್ವನಿಗೂ ಬರುತ್ತಿತ್ತು.

ಮೆಹರ್ ದಾಖಲೆಗಳನ್ನು ಸರ್ಕಾರಿ ವಕೀಲರಿಗೆ ಮುಟ್ಟಿಸಿದಳು. ಸೋಮವಾರ ನ್ಯಾಯಾಲಯದಲ್ಲಿ ಅವರು ಮೆಹರಳ ಸಾಕ್ಷ್ಯ ಪಡೆದರು, ದಾಖಲೆ ತೋರಿಸಿದರು, ಆಮೇಲೆ ಬನವ್ವನನ್ನು ಕಟಕಟೆಗೆ ಕರೆದರು. ಅವಳು ನ್ಯಾಯಾಧೀಶರ ಎದುರು ಕುರ್ಚಿಯಲ್ಲಿ ಕುಳಿತು ತುಳಿದು ತೋರಿಸಿದಳು.  ಗುಮಾಸ್ತರು ದಾಖಲೆಯೊಂದಿಗೆ ತಾಳೆ ನೋಡಿ ಹೌದೆಂದು ತಲೆಯಾಡಿಸಿದರು. ಸಾವಕಾರ ಆರೋಪಿಯ ಕಟಕಟೆಯಲ್ಲಿ ಆರಾಮಾಗಿ ಒರಗಿಕೊಂಡಿದ್ದ, ಪರರ ಮದುವೆಗೆ ಬಂದವನ ಹಾಗೆ. ಅವನ ಹಿಂದಿನ ಬೆಂಚಿನಲ್ಲಿ, ಅವನ ಕಡೆಯವರ ನಡುವೆ, ಗೂಳಪ್ಪ ಕುಳಿತಿದ್ದುದನ್ನು ಬನವ್ವ ಆಗ ನೋಡಿದಳು. ಹೊಸ ಅಂಗಿ ಹಾಕಿಕೊಂಡಿದ್ದ.

ಸಾವಕಾರನ ವಕೀಲ ಎದ್ದ. ಸಿಹಿಮಾತಿನವನು.

"ಬನವ್ವನವರೇ, ನಿಮ್ಮ ಕಾಲುಗಳು ನಿಮಗೆ ತಿಳಿಯದೆ ನಡೆದವು ಎಂದಿರಿ. ಒಪ್ಪಿದೆ. ನಿಮ್ಮ ತಂಗಿ ಬೇಕೆಂದೇ ತಪ್ಪು ತುಳಿದರು ಎಂದಿರಿ. ಅದು ಬೇಕೆಂದೇ ಎಂದು ಹೇಳಲು ಅವರೇ ಇಲ್ಲ. ಆಗಲಿ. ನಿಮ್ಮದನ್ನೇ ಕೇಳುತ್ತೇನೆ. ಸಾಯುವ ದಿನ ಬೆಳಿಗ್ಗೆ ನಿಮ್ಮ ತಂಗಿ ಕೆಲಸಕ್ಕೆ ಹೋಗುವುದಿಲ್ಲ ಎಂದಿದ್ದರು. ಬಾಗಿಲಿಗೆ ಚಿಲಕ ಹಾಕುತ್ತಾರೆ, ಹೆದರಿಕೆ ಎಂದಿದ್ದರು. ಹೌದೇ?"

ಆ ಮಾತು ಆ ಮನೆಯ ಗೋಡೆ ದಾಟಿರಲಿಲ್ಲ. ಬನವ್ವ ಗಂಡನನ್ನು ನೋಡಿದಳು. ಗೂಳಪ್ಪ ಅಂಗಿಯ ಗುಂಡಿ ನೋಡಿಕೊಳ್ಳುತ್ತಿದ್ದ.

"ಹೌದ್ರಿ," ಎಂದಳು.

"ಹೋಗು ಎಂದು ಕಳಿಸಿದವರು ಯಾರು?"

"ನಾನು."

"ನೋಡಿ, ನಾನು ನಿಮ್ಮನ್ನು ನೋಯಿಸಲು ಕೇಳುತ್ತಿಲ್ಲ. ಪ್ರೀತಿಯ ತಂಗಿ. ನಿಮ್ಮಿಂದ ಬೇರೇನು ಸಾಧ್ಯವಿತ್ತು? ಕಳಿಸುವುದೇ ಇತ್ತು, ಕಳಿಸಿದಿರಿ. ಅಷ್ಟು ಹೇಳಿ, ಮನೆಗೆ ಹೋಗಿ. ಯಾರೂ ನಿಮ್ಮ ಕಡೆ ಬೆರಳು ತೋರಿಸುವುದಿಲ್ಲ. ಇಲ್ಲ, ನಾನೇ ಆರಿಸಿ ಕಳಿಸಿದೆ ಎನ್ನುತ್ತೀರೋ? ಯೋಚನೆ ಮಾಡಿ ಹೇಳಿ."

ಬಾಗಿಲು ತೆರೆದೇ ಇತ್ತು. ಒಂದು ಮಾತು ಆಡಿದರೆ ಸಾಕು, ಮೊದಲಿನ ನಿದ್ದೆ, ಮೊದಲಿನ ತುತ್ತು. ಸಾವಕಾರ ಅವಳ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿದ. ಧೈರ್ಯ ಹೇಳುವಂತೆ, ಹೇಳವ್ವ ಹೇಳು ಎನ್ನುವಂತೆ. ಆ ಮುಖದಲ್ಲಿ ಎಂಥ ಸಲಿಗೆ ಇತ್ತೆಂದರೆ ಬನವ್ವ ನ್ಯಾಯಾಧೀಶರ ಕಡೆ ತಿರುಗಿಬಿಟ್ಟಳು. 

"ಆಕಿ ಹೋಗಾಕ ಒಲ್ಲೆ ಅಂದ್ಲು," ಎಂದಳು. "ನಾ ಕೇಳಿಸ್ಕೊಂಡೆ. ಬಿಡು, ಹೋಗಬ್ಯಾಡ ಅನ್ನಾಕ ಬಾಯಿ ಇತ್ತು ನನಗ. ಅನ್ನಲಿಲ್ಲ. ನಾನ ಕಳಿಸಿದೆ."

"ಅಂದರೆ ಆ ಸಾವಿನಲ್ಲಿ ನಿಮ್ಮದೂ ಪಾಲಿದೆ ಎಂದು ನೀವೇ ಒಪ್ಪುತ್ತಿದ್ದೀರಿ." ವಕೀಲ ನ್ಯಾಯಾಧೀಶರ ಕಡೆ ತಿರುಗಿ ನಕ್ಕ. "ಹಾಗಾದರೆ ನಿಮ್ಮನ್ನೂ ನನ್ನ ಕಕ್ಷಿದಾರರ ಪಕ್ಕದಲ್ಲಿ ನಿಲ್ಲಿಸಬೇಕಾಗುತ್ತದೆ."

"ನಿಲ್ಲಸ್ರಿ," ಎಂದಳು ಬನವ್ವ. "ಅವ್ರ ಬಾಜೂಕ ನಿಲ್ಲಾಕ ನನಗ ಹೇಸಿಗಿ ಬರತೈತಿ. ಆದ್ರೂ ನಿಂದರತೀನಿ."

ನ್ಯಾಯಾಧೀಶರು ಏನೋ ಹೇಳಲು ಕೈ ಎತ್ತಿದರು. ಅಷ್ಟರಲ್ಲಿ ಅವಳು ಸಾಕ್ಷಿಯ ಕಟಕಟೆ ಇಳಿದು, ಕೋಣೆ ದಾಟಿ, ಆರೋಪಿಯ ಕಟಕಟೆಯ ಒಳಗೆ ಹೋಗಿ ನಿಂತಿದ್ದಳು. ಅವಳ ಸೆರಗು ಅವನ ತೋಳಿಗೆ ತಾಗಿತು. ಒರಗಿಕೊಂಡಿದ್ದ ಸಾವಕಾರ ನೆಟ್ಟಗಾದ. ಅವಳ ಮುಖ ನೋಡಲು ಹೋಗಿ, ನೋಡಲಾರದೆ, ನೆಲ ನೋಡಿದ.

ಯಾರೂ ಅವನಿಗೆ ಏನೂ ಹೇಳಿರಲಿಲ್ಲ. ತಾನಾಗಿಯೇ ಒಂದು ಗೇಣು ಅತ್ತ ಸರಿದು ನಿಂತ.